‘ಅರ್ಧ ನನ್ನ’ ಭಾಷೆಯಲ್ಲಿ ಬರೆದವರು

ಪ್ರಶ್ನೆ: ನಾವು ಐರ್ಲೆಂಡಿನ ಕಾರ್ಕ್ ನಗರದಲ್ಲಿದ್ದೇವೆ. ಮಗಳು ಹುಟ್ಟಿದ್ದು ಇಲ್ಲೇ. ಶಾಲೆಯಲ್ಲಿ ಐರಿಶ್ ಕಲಿಯುತ್ತಾಳೆ, ಈಚೆಗೆ ಅದರಲ್ಲೇ ಒಂದು ಪುಟ್ಟ ಕವಿತೆ ಬರೆದಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಆದರೆ ಓದಲು ಬರುವುದಿಲ್ಲ. ನನಗೆ ಖುಷಿಯೂ ಆಯಿತು, ಒಂಥರಾ ಹೊಟ್ಟೆಕಿಚ್ಚೂ ಆಯಿತು. ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಅಂದದ್ದು ಒಬ್ಬ ಐರಿಶ್ ಕವಿ ಎಂದು ಓದಿದ್ದೆ. ಆದರೆ ಇಲ್ಲಿ ಬೀದಿಯಲ್ಲಿ ಐರಿಶ್ ಕೇಳಿಸುವುದೇ ಇಲ್ಲ. ಹಾಗಾದರೆ ಅದರಲ್ಲಿ ಕವಿತೆ ಬರೆಯುವವರು ಯಾರು? ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಬರೆದದ್ದು ನಿಜವಾದ ಕವಿತೆ ಆಗುತ್ತದೆಯೇ? ಅಸಲಿಗೆ ಆ ಭಾಷೆ ಯಾರದು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಆ ಭಾಷೆ ಯಾರದು ಅಂತ ಐರಿಶ್ ಕವಿಗಳೇ ಎಪ್ಪತ್ತು ವರ್ಷದಿಂದ ತಮ್ಮತಮ್ಮಲ್ಲಿ ಜಗಳವಾಡುತ್ತಿದ್ದಾರೆ. ಇಪ್ಪತ್ತನೇ ಶತಮಾನದ ಐರಿಶ್ ಕಾವ್ಯದ ದೊಡ್ಡ ಹೆಸರುಗಳನ್ನು ತೆಗೆದುಕೊಳ್ಳಿ. ಅವರಲ್ಲಿ ಹೆಚ್ಚಿನವರಿಗೆ ಭಾಷೆ ತೊಟ್ಟಿಲಲ್ಲೇ ಪೂರ್ತಿಯಾಗಿ ಸಿಕ್ಕಿರಲಿಲ್ಲ. ಒಬ್ಬರಿಗೆ ಅಪ್ಪನ ಕಡೆಯಿಂದ ಅರ್ಧ ಸಿಕ್ಕಿತು. ಇನ್ನೊಬ್ಬರಿಗೆ ನೆಂಟರ ಮನೆಯಲ್ಲಿ, ಮತ್ತೊಬ್ಬರಿಗೆ ಅಜ್ಜಿಯ ಬಾಯಿಂದ ಚೂರುಪಾರು. ಹಲವರಿಗೆ ನಿಮ್ಮ ಮಗಳ ಹಾಗೆ ಶಾಲೆಯಲ್ಲಿ. ಆ ಕೊರತೆಯನ್ನು ಅವರು ಮುಚ್ಚಿಡಲಿಲ್ಲ, ಅದನ್ನೇ ಬರೆದರು. ನನ್ನ ಮಟ್ಟಿಗೆ ಆಧುನಿಕ ಐರಿಶ್ ಕಾವ್ಯದ ಜೀವ ಇರುವುದು ಅಲ್ಲೇ.

ನೀವು ಹೇಳಿದ ಕವಿ ಜೇಮ್ಸ್ ಕಸಿನ್ಸ್. 1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು, 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ಯುವಕ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದವರು ಅವರೇ. ತಮಾಷೆ ಏನು ಗೊತ್ತಾ? ಕಸಿನ್ಸ್ ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಐರ್ಲೆಂಡಿನ ಅತಿ ಹೆಸರಾಂತ ಕವಿ ಯೇಟ್ಸ್ ಬರೆದದ್ದೂ ಇಂಗ್ಲಿಷಿನಲ್ಲಿ. ನಾವು ಕಾಲೇಜಿನಲ್ಲಿ ಐರಿಶ್ ಪುನರುಜ್ಜೀವನ ಅಂತ ಓದುವುದರ ಬಹುಪಾಲು ಇಂಗ್ಲಿಷ್ ಸಾಹಿತ್ಯವೇ. ಕುವೆಂಪು ಅವರಿಗೆ ಮರಳಿ ಹೋಗಲು ಮಲೆನಾಡಿನ ಮನೆಯಲ್ಲಿ ಜೀವಂತ ಕನ್ನಡ ಇತ್ತು. ಕಸಿನ್ಸ್ ತಲೆಮಾರಿನ ಬಹುತೇಕ ಐರಿಶ್ ಜನಕ್ಕೆ ಅಂಥ ಮನೆಯೇ ಉಳಿದಿರಲಿಲ್ಲ.

ಯಾಕೆ ಉಳಿಯಲಿಲ್ಲ ಅನ್ನುವುದನ್ನು ಚುಟುಕಾಗಿ ಹೇಳುತ್ತೇನೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಏಟು ಜಾಸ್ತಿ ಬಿದ್ದದ್ದು ಪಶ್ಚಿಮದ, ದಕ್ಷಿಣದ ಬಡವರಿಗೆ, ಅಂದರೆ ಐರಿಶ್ ಮಾತಾಡುವವರಿಗೆ. ಅದಕ್ಕೂ ಮೊದಲೇ, 1831ರಿಂದ, ಸರ್ಕಾರಿ ಶಾಲೆಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುವುದು, ಐರಿಶ್ ಮಾತಾಡಿದಾಗಲೆಲ್ಲ ಅದರ ಮೇಲೆ ಒಂದು ಗೀರು ಕೆತ್ತುವುದು, ಕೊನೆಗೆ ಗೀರು ಎಣಿಸಿ ಹೊಡೆಯುವುದು. ಅಪ್ಪ ಅಮ್ಮಂದಿರೂ ಇದಕ್ಕೆ ಒಪ್ಪಿದ್ದರು. ಮಕ್ಕಳು ಬಾಸ್ಟನ್ನಿಗೋ ಲಿವರ್‌ಪೂಲಿಗೋ ಹೋಗಿ ಬದುಕಬೇಕಿತ್ತಲ್ಲ. 1851ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಇದ್ದ ಐರಿಶ್ ಭಾಷಿಕರು 1901ರ ಹೊತ್ತಿಗೆ 6.4 ಲಕ್ಷದಷ್ಟಕ್ಕೆ ಇಳಿದರು.

1922ರಲ್ಲಿ ಸ್ವತಂತ್ರ ರಾಜ್ಯ ಬಂತು, ಶಾಲೆಯಲ್ಲಿ ಐರಿಶ್ ಕಡ್ಡಾಯವಾಯಿತು. 1973ರವರೆಗೂ ಐರಿಶ್‌ನಲ್ಲಿ ಫೇಲಾದರೆ ಶಾಲೆಯ ಅಂತಿಮ ಪರೀಕ್ಷೆಯೇ ಫೇಲು. ಮಾತಾಡಿದ್ದಕ್ಕೆ ಒಂದು ತಲೆಮಾರು ಪೆಟ್ಟು ತಿಂದಿತು, ಮಾತಾಡಲು ಬಾರದ್ದಕ್ಕೆ ಇನ್ನೊಂದು ತಲೆಮಾರು ಫೇಲಾಯಿತು. ನಿಮ್ಮ ಅಕ್ಕಪಕ್ಕದವರಲ್ಲಿ ಈ ಭಾಷೆಯ ಬಗ್ಗೆ ಪ್ರೀತಿಯೂ ಕಸಿವಿಸಿಯೂ ಒಟ್ಟಿಗೆ ಕಂಡರೆ ಕಾರಣ ಇದೇ.

ಈಗ ಕವಿಗಳಿಗೆ ಬರೋಣ. ಹೆಸರುಗಳನ್ನು ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇನೆ. ಐರಿಶ್ ಕಾಗುಣಿತ ನೋಡಿ ನಮ್ಮ ಅಂದಾಜಿನಲ್ಲಿ ಓದಿದರೆ ಎಡವುವುದು ಗ್ಯಾರಂಟಿ. ಮಗಳನ್ನು ಕೇಳಿ, ನನ್ನದನ್ನೂ ತಿದ್ದುತ್ತಾಳೆ.

ಹುಟ್ಟಿನಿಂದ ಪೂರ್ತಿ ಭಾಷೆ ಸಿಕ್ಕ ಒಬ್ಬ ಕವಿಯನ್ನು ಮೊದಲು ನೋಡೋಣ. ಮಾರ್ಟೀನ್ ಓ ಡಿರಾನ್ 1910ರಲ್ಲಿ ಆರನ್ ದ್ವೀಪಗಳ ಪೈಕಿ ದೊಡ್ಡದಾದ ಇನಿಶ್‌ಮೋರ್‌ನಲ್ಲಿ ಹುಟ್ಟಿದರು. ಬರೀ ಕಲ್ಲಿನ ದ್ವೀಪ ಅದು. ಬಂಡೆಯ ಮೇಲೆ ಮರಳು, ಕಡಲಕಳೆ ಹರಡಿ ಮಣ್ಣು ಮಾಡಿಕೊಂಡು ಬೆಳೆ ತೆಗೆಯುತ್ತಿದ್ದರು. ಹದಿನೆಂಟಕ್ಕೆ ದ್ವೀಪ ಬಿಟ್ಟು ಗಾಲ್ವೇ ನಗರದ ಅಂಚೆ ಕಚೇರಿ ಸೇರಿದರು, ಆಮೇಲೆ ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರಿ. ಮೊದಲ ಸಂಕಲನ ಬಂದದ್ದು 1942ರಲ್ಲಿ. ಅವರ ‘ಪಶ್ಚಿಮದ ವಸಂತ’ ಕವಿತೆಯನ್ನು ಐರ್ಲೆಂಡಿನ ಹೈಸ್ಕೂಲು ಮಕ್ಕಳೆಲ್ಲ ಓದುತ್ತಾರೆ. ಗುದ್ದಲಿಗೆ ಮೆತ್ತಿದ ಮಣ್ಣು ಕೆರೆಯುವ ಗಂಡಸು, ಕೆಂಪು ಕಡಲಕಳೆಯ ಬುಟ್ಟಿ ಇಳಿಸುವವನು, ಇಳಿತದ ನೀರಲ್ಲಿ ಲಂಗ ಮೇಲೆತ್ತಿ ನಿಂತ ಹೆಂಗಸರು, ಮೀನು ತುಂಬಿ ದಡಕ್ಕೆ ಬರುವ ದೋಣಿಯ ಹುಟ್ಟಿನ ಸದ್ದು. ನಾಲ್ಕು ಚಿತ್ರ, ಅಷ್ಟೇ. ಆದರೆ ಅದನ್ನು ಬರೆದದ್ದು ದ್ವೀಪದಿಂದ ದೂರ ಇರುವ ಗುಮಾಸ್ತ ಎನ್ನುವುದು ಗೊತ್ತಾದರೆ ಕವಿತೆಗೆ ಇನ್ನೊಂದು ಬಣ್ಣ ಬರುತ್ತದೆ. ‘ಬೇರು ಕಿತ್ತುಹೋದವರು’ ಎಂಬ ಅರ್ಥದ ಇನ್ನೊಂದು ಕವಿತೆಯಲ್ಲಿ ಅವರೇ ಅದನ್ನು ಹೇಳುತ್ತಾರೆ. ನಮ್ಮ ಹಿರಿಯರು ಬದುಕಿನ ಜೊತೆ ಗುದ್ದಾಡಿ ಕಲ್ಲಿನ ಮನೆ ಬಿಟ್ಟುಹೋದರು. ನಾವು ಬಿಟ್ಟುಹೋಗುವುದು ಸರ್ಕಾರಿ ಕಚೇರಿಯಲ್ಲಿ ಧೂಳು ತಿನ್ನುವ ಫೈಲುಗಳ ರಾಶಿ. ಭಾಷೆ ಪೂರ್ತಿ ಕೈಯಲ್ಲಿದ್ದವನಿಗೂ ಅದು ಹುಟ್ಟಿದ ನೆಲ ಕೈತಪ್ಪಿತ್ತು.

ಇನ್ನು ಶಾನ್ ಓ ರಿಯರ್ಡಾನ್. ಇವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇವರು ನಿಮ್ಮ ಊರಿನವರು. 1916ರಲ್ಲಿ ಕಾರ್ಕ್ ಜಿಲ್ಲೆಯ ಬ್ಯಾಲಿವೂರ್ನಿಯಲ್ಲಿ ಹುಟ್ಟಿದರು. ಆಗ ಅಲ್ಲಿ ಐರಿಶ್ ಹಿಂದೆ ಸರಿಯುತ್ತಾ ಇಂಗ್ಲಿಷ್ ಒಳಗೆ ಬರುತ್ತಿತ್ತು. ಅಪ್ಪ ಐರಿಶ್, ಅಮ್ಮ ಇಂಗ್ಲಿಷ್, ಪಕ್ಕದ ಮನೆಯಲ್ಲಿ ಐರಿಶ್ ಮಾತಾಡುವ ಅಜ್ಜಿ. ಅಪ್ಪ ಬೇಗ ತೀರಿಕೊಂಡರು. ಕುಟುಂಬ ಕಾರ್ಕ್ ಹತ್ತಿರದ ಇನಿಸ್‌ಕಾರಾಗೆ ಬಂತು, ಅದು ಪೂರ್ತಿ ಇಂಗ್ಲಿಷ್ ಊರು. ಹುಡುಗನಿಗೆ ಕ್ಷಯ ಹತ್ತಿತು. ಕಾರ್ಕ್ ಸಿಟಿ ಹಾಲ್‌ನಲ್ಲಿ ಗುಮಾಸ್ತಿಕೆ, ನಡುನಡುವೆ ಆಸ್ಪತ್ರೆ, ಮನೆಯಲ್ಲಿ ಬೇರೆ ಇಟ್ಟ ಕೋಣೆ, ಡೈರಿ. 1952ರಲ್ಲಿ ಮೊದಲ ಸಂಕಲನ ಬಂತು. ಅಮ್ಮನನ್ನು ಮಣ್ಣು ಮಾಡಿದ ದಿನದ ನೆನಪಿನ ಕವಿತೆ ಅದರಲ್ಲಿದೆ. ಸಮಾಧಿಯ ಮೇಲೆ ಬಂದು ಕೂತ ಪುಟ್ಟ ರಾಬಿನ್ ಹಕ್ಕಿಯ ಬಾಲ ಇಡೀ ಪುಸ್ತಕಕ್ಕೇ ಹೆಸರು ಕೊಟ್ಟಿತು.

ಈ ಮನುಷ್ಯ ತನ್ನ ಭಾಷೆಯನ್ನೇ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾನೆ. ನನ್ನ ಪೆನ್ನಿನಲ್ಲಿರುವ ಐರಿಶ್, ನಿನ್ನ ಹಿರಿಯರನ್ನು ಕಳೆದುಕೊಂಡೆಯಾ? ಮನೆತನದ ಹೆಸರಿಲ್ಲದ ಅನಾಥ ಭಾಷೆಯಾ ನೀನು? ಇಂಗ್ಲಿಷಿನಿಂದ ಕದ್ದ ಆಲೋಚನೆಗಳನ್ನು ತಂದು ನಿನ್ನ ಕೈಗೆ ಕೊಡುತ್ತಿದ್ದೇನೆ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಅಲ್ಲಿ ಇಂಗ್ಲಿಷಿಗೆ ಬಳಸಿದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಇನ್ನೊಂದು ಕವಿತೆಯಲ್ಲಿ ಅವರು ಐರಿಶ್‌ನ್ನು ‘ಅರ್ಧ ನನ್ನದಾದ ಭಾಷೆಯೇ’ ಎಂದು ಕರೆಯುತ್ತಾರೆ. ಪೂರ್ತಿ ನನ್ನದಾಗದಿದ್ದರೆ ನೀನಿದ್ದು ಏನು ಪ್ರಯೋಜನ ಎಂಬ ಸಿಟ್ಟೂ ಅಲ್ಲೇ ಇದೆ. 1964ರ ಸಂಕಲನದಲ್ಲಿರುವ ‘ಮರಳಿ ಬಾ’ ಕವಿತೆ ಇನ್ನೂ ಹಟಮಾರಿ. 1601ರ ಕಿನ್‌ಸೇಲ್ ಯುದ್ಧದಲ್ಲಿ ಐರಿಶರು ಇಂಗ್ಲಿಷರಿಗೆ ಸೋತ ಮೇಲೆ ನಡೆದದ್ದಕ್ಕೆಲ್ಲ ಮನಸ್ಸು ಮುಚ್ಚು, ಶೆಲ್ಲಿ, ಕೀಟ್ಸ್, ಶೇಕ್ಸ್‌ಪಿಯರ್ ಎಂಬ ಜೀನನ್ನು ಬೆನ್ನಿನಿಂದ ಇಳಿಸು, ಪಶ್ಚಿಮದ ಡೂನ್ ಕ್ವೀನ್ ಹಳ್ಳಿಗೆ ಹೋಗು, ನಿನ್ನ ಸ್ವಂತ ಮನೆಯ ಜೊತೆ ರಾಜಿ ಮಾಡಿಕೋ. ಕೇಳಲು ಚೆನ್ನಾಗಿದೆ. ಆದರೆ ಶೇಕ್ಸ್‌ಪಿಯರ್‌ನನ್ನು ಇಳಿಸು ಅನ್ನುವ ಆ ಕವಿತೆಯ ಒಳಗೇ ಶೇಕ್ಸ್‌ಪಿಯರ್ ಕೂತಿದ್ದಾನಲ್ಲ! ನಾಲ್ಕು ಶತಮಾನ ಅಳಿಸಿಕೊಂಡು ಹಳ್ಳಿಗೆ ಹೋಗು ಎಂದವರು ಬದುಕಿದ್ದು, 1977ರಲ್ಲಿ ಸತ್ತದ್ದು ಕಾರ್ಕ್‌ನಲ್ಲೇ.

ಓ ರಿಯರ್ಡಾನ್ ಅವರ ಮೊದಲ ಪುಸ್ತಕ ಬಂದಾಗ ಅದರ ಭಾಷೆಯನ್ನು ಎಲ್ಲರ ಎದುರು ತರಾಟೆಗೆ ತೆಗೆದುಕೊಂಡವರು ಮೋರಾ ವಾಕ್ ಅನ್ ಟೀ. ಅವರೂ ಕವಿ, ದೊಡ್ಡ ವಿದ್ವಾಂಸೆ. ಅವರ ವಾದ ಸರಳ. ಐರಿಶ್ ಮಾತಾಡುವ ಊರುಗಳಲ್ಲಿ ಜನರ ಬಾಯಲ್ಲಿರುವುದೇ ಭಾಷೆ. ಕವಿ ತನಗೆ ತೋಚಿದಂತೆ ಪದ ಕಟ್ಟಿದರೆ, ವಾಕ್ಯ ತಿರುಚಿದರೆ ಅದು ಐರಿಶ್ ಆಗುವುದಿಲ್ಲ. ಓ ರಿಯರ್ಡಾನ್‌ಗೆ ಇದು ಆಳವಾಗಿ ನಾಟಿತು. ಮೊದಲೇ ಭಾಷೆ ಅರ್ಧ ಮಾತ್ರ ನನ್ನದು ಅನ್ನುತ್ತಿದ್ದವರಿಗೆ ಆ ಅರ್ಧವೂ ನಿನ್ನದಲ್ಲ ಅಂದ ಹಾಗಾಯಿತು.

ಆದರೆ ಇಲ್ಲಿ ಒಂದು ಸ್ವಾರಸ್ಯ ಇದೆ. ಹೀಗೆ ಹೇಳಿದ ಮೋರಾ ಹುಟ್ಟಿದ್ದು 1922ರಲ್ಲಿ, ಡಬ್ಲಿನ್ನಿನಲ್ಲಿ, ಮುಂದೆ ಮಂತ್ರಿಯಾದವರ ಮಗಳಾಗಿ. ಪಾದ್ರಿಯಾಗಿದ್ದ ಸೋದರಮಾವನ ಮನೆಯೊಂದು ಡೂನ್ ಕ್ವೀನ್‌ನಲ್ಲಿತ್ತು. ಬಾಲ್ಯದ ದೊಡ್ಡ ಭಾಗ ಅಲ್ಲಿ ಕಳೆದು, ಆ ಊರಿನ ಮಾತನ್ನು ಊರಿನವರ ಹಾಗೇ ಕಲಿತರು. ಅವರಿಗೂ ಭಾಷೆ ಎರಡನೇ ಮನೆಯಿಂದ ಬಂದದ್ದೇ. 1956ರ ಅವರ ಸಂಕಲನದಲ್ಲಿ, ತಪ್ಪು ಗಂಡಸನ್ನು ಪ್ರೀತಿಸಿದ ಹೆಣ್ಣೊಬ್ಬಳ ದನಿಯಲ್ಲಿ ಕೆಲವು ಚೌಪದಿಗಳಿವೆ. ಜನರ ಅನುಮಾನವೂ ಬೇಡ, ಪಾದ್ರಿಗಳ ನಿಷೇಧವೂ ಬೇಡ, ನಿನಗೂ ಗೋಡೆಗೂ ನಡುವೆ ಮಲಗಿದ್ದರೆ ಸಾಕು ಅನ್ನುತ್ತಾಳೆ ಅವಳು. ಚರ್ಚಿನ ಹಿಡಿತ ಬಿಗಿಯಾಗಿದ್ದ 1956ರ ಐರ್ಲೆಂಡಿನಲ್ಲಿ! ಹಳೆಯ ಜಾನಪದ ಪ್ರೇಮಗೀತೆಯ ಧಾಟಿ ಹಿಡಿದದ್ದಕ್ಕೇ ಅಷ್ಟು ನೇರ ಮಾತು ಸಾಧ್ಯವಾಯಿತು. ಮೋರಾ ಅವರ ಶುದ್ಧಿಯ ಹಟ ನನಗೆ ಒಪ್ಪಿಗೆಯಿಲ್ಲ. ಆದರೆ ಆ ಹಟದಿಂದ ಅವರು ಏನು ಸಾಧಿಸಿದರು ಎಂಬುದಕ್ಕೆ ಈ ಕವಿತೆ ಸಾಕ್ಷಿ.

ಈ ಜಗಳವನ್ನು ಬದಿಗೆ ಸರಿಸಿದ್ದು ಒಂದು ಹುಡುಗರ ಗುಂಪು. ಅದೂ ನಿಮ್ಮ ಊರಲ್ಲೇ. 1970ರಲ್ಲಿ ಕಾರ್ಕ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ‘ಇಂಟಿ’ ಎಂಬ ಕವಿತಾ ಪತ್ರಿಕೆ ಶುರುವಾಯಿತು. ಮೈಕಲ್ ಡೇವಿಟ್, ಲಿಯಂ ಓ ಮುರ್‌ಹಿಲ, ಗೇಬ್ರಿಯಲ್ ರೋಸನ್‌ಸ್ಟಾಕ್, ನೂಲಾ ನೀ ಗೋನಿಲ್. ಎಲ್ಲ ಇಪ್ಪತ್ತರ ಆಸುಪಾಸಿನವರು. ಹೆಚ್ಚಿನವರು ಇಂಗ್ಲಿಷ್ ಮಾತಾಡುವ ಮನೆಗಳ ಮಕ್ಕಳು. ರೋಸನ್‌ಸ್ಟಾಕ್ ಅವರ ತಂದೆಯಂತೂ ಜರ್ಮನ್. ಕಿವಿಯಲ್ಲಿ ಬಾಬ್ ಡಿಲನ್, ಬೀಟಲ್ಸ್. ಅದೇ ಕಾಲೇಜಿನಲ್ಲಿ ಐರಿಶ್ ಪಾಠ ಹೇಳುತ್ತಿದ್ದವರು ಕವಿ ಶಾನ್ ಓ ಟೂಮಾ, ಸಂಗೀತ ಕಲಿಸುತ್ತಿದ್ದವರು ಶಾನ್ ಓ ರಿಯಾಡಾ. ಮುದಿ ಓ ರಿಯರ್ಡಾನ್ ಕೂಡ ಅಲ್ಲಿಗೆ ಬಂದುಹೋಗುತ್ತಿದ್ದರು. ಈ ಹುಡುಗರು ಡೂನ್ ಕ್ವೀನ್‌ಗೆ ಹೋಗುತ್ತಿದ್ದದ್ದು ಹಾಡಿಗೆ, ಕುಡಿತಕ್ಕೆ, ಮಾತಿಗೆ. ಪ್ರಾಯಶ್ಚಿತ್ತ ಮಾಡಿಕೊಳ್ಳಲಿಕ್ಕಲ್ಲ. ಅದೇ ವರ್ಷ ಸರ್ಕಾರ ಡೂನ್ ಕ್ವೀನ್‌ನ ಶಾಲೆಯನ್ನು ಮುಚ್ಚಿತು. ಊರವರು ಪಟ್ಟು ಹಿಡಿದು ತಾವೇ ನಡೆಸಿದರು, 1973ರಲ್ಲಿ ಅದು ಮತ್ತೆ ಅಧಿಕೃತವಾಗಿ ತೆರೆಯಿತು. ನಗರದ ಹುಡುಗರಿಗೆ ಐರಿಶ್ ಬೀದಿಯ ಭಾಷೆ, ಪ್ರೇಮದ ಭಾಷೆ, ತಲೆಹರಟೆಯ ಭಾಷೆ ಆಗಬಹುದು ಅಂತ ತೋರಿಸಿದ್ದು ‘ಇಂಟಿ’.

ಇದೇ ಹೊತ್ತಿಗೆ ಒಬ್ಬರು ಉಲ್ಟಾ ದಿಕ್ಕಿನಿಂದ ನಡೆದುಬಂದರು. ಮೈಕಲ್ ಹಾರ್ಟ್‌ನೆಟ್, ಲಿಮರಿಕ್ ಜಿಲ್ಲೆಯವರು, ಇಂಗ್ಲಿಷಿನಲ್ಲಿ ಆಗಲೇ ಹೆಸರು ಮಾಡಿದ್ದ ಕವಿ. ಚಿಕ್ಕಂದಿನಲ್ಲಿ ಐರಿಶ್ ಬಲ್ಲ ಅಜ್ಜಿಯ ಹತ್ತಿರ ಬೆಳೆದವರು. ಆ ಅಜ್ಜಿಯ ಸಾವಿನ ಬಗ್ಗೆ ಅವರ ಒಂದು ಇಂಗ್ಲಿಷ್ ಕವಿತೆ ಇದೆ. ಅದರ ಕೊನೆಯಲ್ಲಿ ಅವಳನ್ನು ಕೆಲಸಕ್ಕೆ ಬಾರದ ಸಾಮಾನು ತುಂಬಿದ ಮಗುವಿನ ಚೀಲ ಎನ್ನುತ್ತಾರೆ. 1974ರಲ್ಲಿ ಡಬ್ಲಿನ್ನಿನ ಪೀಕಾಕ್ ರಂಗಮಂದಿರದ ವೇದಿಕೆ ಹತ್ತಿ, ಇನ್ನು ಮೇಲೆ ಐರಿಶ್‌ನಲ್ಲೇ ಬರೆಯುತ್ತೇನೆ ಎಂದು ಘೋಷಿಸಿದರು. ಮುಂದಿನ ವರ್ಷ ಇಂಗ್ಲಿಷಿಗೆ ವಿದಾಯ ಹೇಳುವ ಸಂಕಲನ ಬಂತು. ಇಂಗ್ಲಿಷ್ ಹಂದಿ ಮಾರಾಟಕ್ಕೆ ಹೇಳಿ ಮಾಡಿಸಿದ ಭಾಷೆ ಎಂಬ ಅವರ ಸಾಲು ಈಗಲೂ ಜನರ ಬಾಯಲ್ಲಿದೆ. ಆ ಸಾಲು ಇಂಗ್ಲಿಷಿನಲ್ಲೇ ಇದೆ ಅನ್ನುವುದನ್ನೂ ಗಮನಿಸಿ. ಆಮೇಲೆ ಹತ್ತು ವರ್ಷ ಐರಿಶ್‌ನಲ್ಲಿ ಬರೆದರು. 1985ರಲ್ಲಿ ಇಂಗ್ಲಿಷ್ ಹೈಕುಗಳ ಪುಸ್ತಕದೊಂದಿಗೆ ವಾಪಸ್ ಬಂದರು. ಸೋತರು ಅಂತ ಕೆಲವರು ಅಂದರು. ನನಗೆ ಹಾಗನ್ನಿಸುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಅವರು ಹದಿನೇಳು, ಹದಿನೆಂಟನೇ ಶತಮಾನದ ಐರಿಶ್ ಕವಿಗಳಾದ ಓ ಬ್ರುಡರ್, ಓ ರಹಲಿ ಮುಂತಾದವರನ್ನು ಇಂಗ್ಲಿಷಿಗೆ ತಂದರು. ಐರಿಶ್‌ನಲ್ಲಿ ಹತ್ತು ವರ್ಷ ಬದುಕಿರದಿದ್ದರೆ ಆ ಅನುವಾದಗಳಿಗೆ ಅಂಥ ಕಿವಿ ಇರುತ್ತಿರಲಿಲ್ಲ.

ಆದರೆ ಬಳುವಳಿಯ ಪ್ರಶ್ನೆಯನ್ನು ಎಲ್ಲರಿಗಿಂತ ಆಳಕ್ಕೆ ಒಯ್ದವರು ನೂಲಾ ನೀ ಗೋನಿಲ್. ಹುಟ್ಟಿದ್ದು 1952ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ. ತಂದೆ ತಾಯಿ ಇಬ್ಬರೂ ಐರಿಶ್ ಡಾಕ್ಟರುಗಳು. ಐದು ವರ್ಷದ ಮಗುವನ್ನು ಕೆರ್ರಿ ಜಿಲ್ಲೆಯ ವೆಂಟ್ರಿ ಹತ್ತಿರದ ನೆಂಟರ ಮನೆಗೆ ಕಳಿಸಿದರು, ಭಾಷೆ ಹತ್ತಿದ್ದು ಅಲ್ಲಿ. ಮುಂದೆ ಟರ್ಕಿಯ ಭೂವಿಜ್ಞಾನಿಯನ್ನು ಮದುವೆಯಾಗಿ ಕೆಲವು ವರ್ಷ ಅಲ್ಲಿದ್ದು, 1980ರಲ್ಲಿ ಮರಳಿದರು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ಕಷ್ಟ ಇವರಿಗೆ ಚೆನ್ನಾಗಿ ಗೊತ್ತು.

ಅವರ ಮತ್ಸ್ಯಕನ್ಯೆಯರ ಕವಿತೆಗಳನ್ನು ನೀವು ಓದಲೇಬೇಕು. ಪಾಲ್ ಮಲ್ಡೂನ್ ಅವರ ಇಂಗ್ಲಿಷ್ ಅನುವಾದದ ಜೊತೆ 2007ರಲ್ಲಿ ಬಂದವು. ಕಡಲ ಜನ ಯಾವುದೋ ಕಾಲದಲ್ಲಿ ನೀರು ಬಿಟ್ಟು ನೆಲಕ್ಕೆ ಬಂದಿದ್ದಾರೆ. ಈಗ ಕಡಲಿನ ಸುದ್ದಿಯೇ ಬೇಡ ಅನ್ನುತ್ತಾರೆ. ಯಾಕೆ ಬಂದೆವು, ಏನು ಕಳೆದುಕೊಂಡೆವು ಅಂತ ಯಾರೂ ಹೇಳುವುದಿಲ್ಲ. ಒಂದು ಕವಿತೆಯಲ್ಲಿ ಮತ್ಸ್ಯಕನ್ಯೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ. ಮೀನಿನ ಬಾಲ ಇಲ್ಲ. ಅದರ ಜಾಗದಲ್ಲಿ ತಣ್ಣಗಿನ, ಉದ್ದದ ಎರಡು ಏನೋ ಬಿದ್ದುಕೊಂಡಿವೆ. ಕಾಲು ಅಂತ ಅವಳಿಗೆ ಗೊತ್ತಿಲ್ಲ. ನಗು ಬರುತ್ತದೆ, ಹಾಗೇ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ.

ಇನ್ನೊಂದು ಕವಿತೆ ಅವಳ ಮಗಳದು. ಮಗಳು ಹುಟ್ಟಿ ಬೆಳೆದದ್ದು ನೆಲದ ಮೇಲೆ. ಬಚ್ಚಲುಮನೆಯಲ್ಲಿ ಹಲ್ಲುಜ್ಜುತ್ತಿರುವಾಗ ಇದ್ದಕ್ಕಿದ್ದಂತೆ ಕೋಣೆಗೆ ನೀರು ತುಂಬುತ್ತಿದೆ ಅನ್ನಿಸುತ್ತದೆ. ಕಾಲಿನಿಂದ ಮೇಲೇರುತ್ತಾ ಬರುತ್ತದೆ. ಟವೆಲುಗಳು ಕಡಲಕಳೆಯ ಹಾಗೆ ಕಾಣುತ್ತವೆ. ಆಮೇಲೆ ಎಲ್ಲ ಒಣಗಿಹೋಗುತ್ತದೆ. ಇದನ್ನು ಮನೋವೈದ್ಯರ ಹತ್ತಿರ ಹೇಳಲು ಹೋದರೆ ಅವಳಿಗೆ ನೀರಿನ ಬಗ್ಗೆ ಮಾತೇ ಇಲ್ಲ. ಏನೋ ಪಾರದರ್ಶಕ ದ್ರವ, ತೆಳ್ಳಗೆ ಹರಿಯುವಂಥದ್ದು ಅಂತ ಒದ್ದಾಡುತ್ತಾಳೆ. ಅಮ್ಮ ಹೇಳದೆ ಉಳಿಸಿದ್ದು ಮಗಳ ಮೈಗೆ ದಾಟಿದೆ, ಬಾಯಿಗೆ ದಾಟಿಲ್ಲ. ಹಸಿವಿನ ಕಾಲದಲ್ಲಿ ಭಾಷೆ ಬಿಟ್ಟ ಐರ್ಲೆಂಡಿನ ಬಗ್ಗೆ ಇಷ್ಟು ಸರಿಯಾಗಿ ಇನ್ನಾರೂ ಬರೆದದ್ದು ನಾನು ಓದಿಲ್ಲ. ಆ ಹೆಸರುಗಳನ್ನೆಲ್ಲ ಎತ್ತದೆಯೇ ಬರೆದಿದ್ದಾರೆ ನೋಡಿ.

ಹಾಗಾದರೆ ಆಸೆಯೇ ಇಲ್ಲವಾ? ‘ಭಾಷೆಯ ಪ್ರಶ್ನೆ’ ಎಂಬ ಅವರ ಪುಟ್ಟ ಕವಿತೆ ಇದಕ್ಕೆ ಪಕ್ಕದ ದಾರಿಯಲ್ಲಿ ಉತ್ತರಿಸುತ್ತದೆ. ನನ್ನ ಆಸೆಯನ್ನು ಭಾಷೆ ಎಂಬ ಪುಟ್ಟ ದೋಣಿಯಲ್ಲಿಟ್ಟು ನೀರಿಗೆ ಬಿಡುತ್ತೇನೆ, ಹಸುಗೂಸನ್ನು ಎಲೆಯಿಂದ ಹೆಣೆದು ಟಾರು ಬಳಿದ ಬುಟ್ಟಿಯಲ್ಲಿಟ್ಟು ಜೊಂಡಿನ ನಡುವೆ ಬಿಟ್ಟ ಹಾಗೆ, ಯಾರಿಗೆ ಗೊತ್ತು, ಫೆರೋನ ಮಗಳ ಮಡಿಲು ಸೇರಬಹುದೇನೋ. ಬೈಬಲ್ಲಿನ ಮೋಶೆಯ ಕತೆ ಇದು. ನಮಗೆ ತಟ್ಟನೆ ನೆನಪಾಗುವವನು ಕರ್ಣ. ಆದರೆ ಕರ್ಣನ ಪೆಟ್ಟಿಗೆ ತೇಲಿ ಸೇರಿದ್ದು ಸೂತನ ಮನೆ. ಈ ಬುಟ್ಟಿ ಸೇರುವುದು ಆ ಕೂಸನ್ನು ಕೊಲ್ಲಲು ಆಜ್ಞೆ ಕೊಟ್ಟ ರಾಜನ ಮನೆ. ಕವಿತೆ 1990ರಲ್ಲಿ ಹದಿಮೂರು ಅನುವಾದಕರ ಇಂಗ್ಲಿಷಿನೊಂದಿಗೆ ಪುಸ್ತಕವಾಗಿ ಬಂದಾಗ ಪುಸ್ತಕದ ಹೆಸರೇ ‘ಫೆರೋನ ಮಗಳು’. ಐರಿಶ್ ಬುಟ್ಟಿಯನ್ನು ನೀರಿಂದ ಎತ್ತುತ್ತಿರುವುದು ಇಂಗ್ಲಿಷ್ ಎಂಬ ಅರಮನೆಯ ಹುಡುಗಿ. ಮಗು ಉಳಿಯಿತು ಅಂತ ಸಂತೋಷಪಡಬೇಕೋ, ಯಾರ ಮನೆಯಲ್ಲಿ ಬೆಳೆಯುತ್ತಿದೆ ಅಂತ ಚಿಂತೆ ಮಾಡಬೇಕೋ?

ಇದು ಎಲ್ಲರಿಗೂ ಒಪ್ಪಿಗೆಯಾದ ದಾರಿಯಲ್ಲ. ಬಿಡ್ಡಿ ಜೆಂಕಿನ್ಸನ್ ಎಂಬ ಗುಪ್ತನಾಮದ ಕವಿ, ಐರ್ಲೆಂಡಿನೊಳಗೆ ತಮ್ಮ ಕವಿತೆ ಇಂಗ್ಲಿಷಿಗೆ ಹೋಗುವುದು ಬೇಡ ಎಂದು ನಿಂತವರು. ಎಲ್ಲವನ್ನೂ ನಷ್ಟವಿಲ್ಲದೆ ಇಂಗ್ಲಿಷಿನ ಕಣಜಕ್ಕೆ ತುಂಬಿಕೊಳ್ಳಬಹುದು ಅಂತ ಭಾವಿಸಿದವರಿಗೆ ಇದು ನನ್ನ ಪುಟ್ಟ ಒರಟುತನ ಎಂಬ ಅರ್ಥದ ಮಾತು ಹೇಳಿದರು. ಬೇರೆ ದೇಶದ ಭಾಷೆಗಳಿಗೆ ಅವರ ಅಭ್ಯಂತರ ಇರಲಿಲ್ಲ. ಬೆಲ್‌ಫಾಸ್ಟ್‌ನ ಗರೋಡ್ ಮಾಕ್ ಲೋಕ್ಲನ್ ಇದನ್ನೇ ತಮಾಷೆಯಾಗಿ, ಸಿಟ್ಟಿನಿಂದ ಹೇಳುತ್ತಾರೆ. ಐರಿಶ್‌ನಲ್ಲಿ ಓದುವಾಗ ಸುಮ್ನೆ ಕೂತ ಸಭೆ, ಇಂಗ್ಲಿಷ್ ಓದಿದೊಡನೆ ಚಪ್ಪಾಳೆ ತಟ್ಟಿ, ಅನುವಾದ ಬಹಳ ಇಷ್ಟವಾಯಿತು ಅನ್ನುತ್ತದೆ. ಇವತ್ತು ರಾತ್ರಿ ಅನುವಾದ ಇಲ್ಲ ಕಣ್ರೀ ಅಂತ ಶುರುವಾಗುತ್ತದೆ ಕವಿತೆ. ಅದು ಬಂದ 2002ರ ಪುಸ್ತಕದಲ್ಲಿ ಅನುವಾದಗಳೂ ಇವೆ ಅನ್ನಿ. ಅವರ ಊರಿನ ಕತೆಯೂ ದೊಡ್ಡದು. ಬೆಲ್‌ಫಾಸ್ಟ್‌ನಲ್ಲಿ ಕೆಲವು ಕುಟುಂಬಗಳು ಒಂದೇ ಕಡೆ ಮನೆ ಕಟ್ಟಿಕೊಂಡು ಐರಿಶ್‌ನಲ್ಲೇ ಬದುಕಲು ನಿರ್ಧರಿಸಿದವು. 1971ರಲ್ಲಿ ತಾವೇ ಶಾಲೆ ತೆರೆದವು. ಸರ್ಕಾರದ ಮಾನ್ಯತೆ ಬರಲು 1984 ಆಗಬೇಕಾಯಿತು. ಕಲಿತ ಭಾಷೆ ಅಲ್ಲಿ ಒಂದೇ ತಲೆಮಾರಿನಲ್ಲಿ ಮನೆಮಾತಾಯಿತು.

ಈಗಿನವರ ಪೈಕಿ ಡಿರನ್ ನೀ ಗ್ರೀಫಾ ಅವರನ್ನು ಓದಿ. 1981ರಲ್ಲಿ ಗಾಲ್ವೇಯಲ್ಲಿ ಹುಟ್ಟಿದವರು. ಮೊದಲು ಐರಿಶ್‌ನಲ್ಲಿ ಬರೆದರು, ಈಗ ಎರಡರಲ್ಲೂ ಬರೆಯುತ್ತಾರೆ, ತಮ್ಮ ಕವಿತೆಯನ್ನು ತಾವೇ ಇಂಗ್ಲಿಷಿಗೆ ತರುತ್ತಾರೆ. 2020ರ ಅವರ ಗದ್ಯ ಪುಸ್ತಕ ಒಂದು ಹಳೆಯ ಶೋಕಗೀತೆಯ ಬೆನ್ನು ಹತ್ತಿದ ಕತೆ. 1773ರಲ್ಲಿ ಕಾರ್ಕ್ ಜಿಲ್ಲೆಯ ಕ್ಯಾರಿಗನಿಮಾದಲ್ಲಿ ಆರ್ಟ್ ಓ ಲಿಯರಿ ಎಂಬವನನ್ನು ಗುಂಡಿಟ್ಟು ಕೊಂದರು. ಕ್ಯಾಥೊಲಿಕರ ಬಳಿ ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇರಬಾರದೆಂಬ ಕಾನೂನಿದ್ದ ಕಾಲ ಅದು. ಜಗಳ ಅವನ ಕುದುರೆಯಿಂದ ಶುರುವಾಗಿತ್ತಂತೆ. ಅವನ ಹೆಂಡತಿ ಐಲೀನ್ ಹಾಡಿದ ಶೋಕಗೀತೆ ಬಾಯಿಂದ ಬಾಯಿಗೆ, ಹೆಚ್ಚಾಗಿ ಹೆಂಗಸರ ಬಾಯಲ್ಲೇ, ಉಳಿದು ಬಹಳ ಕಾಲದ ಮೇಲೆ ಬರಹಕ್ಕೆ ಬಂತು. ಹೆಣದ ಹತ್ತಿರ ಓಡಿಬಂದು, ಹರಿಯುತ್ತಿದ್ದ ರಕ್ತವನ್ನು ಒರೆಸದೆ ಬೊಗಸೆಯಲ್ಲಿ ಕುಡಿದೆ ಅನ್ನುತ್ತಾಳೆ. ಐರಿಶ್‌ನ ಅತಿ ದೊಡ್ಡ ಕವಿತೆಗಳಲ್ಲಿ ಒಂದು ಅದು. ಆರ್ಟ್‌ನ ಸಮಾಧಿ ಇರುವುದು ನಿಮ್ಮ ಊರಿನ ಪಶ್ಚಿಮಕ್ಕೆ, ಕಿಲ್‌ಕ್ರೇ ಎಂಬಲ್ಲಿ ಪಾಳುಬಿದ್ದ ಕ್ರೈಸ್ತ ಮಠದಲ್ಲಿ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿಬನ್ನಿ.

ಬೀದಿಯಲ್ಲಿ ಐರಿಶ್ ಕೇಳಿಸುವುದಿಲ್ಲ ಅಂದಿರಿ. ನಿಜ. 2022ರ ಜನಗಣತಿಯಲ್ಲಿ ಐರಿಶ್ ಬರುತ್ತದೆ ಅಂದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ದಿನಾಲೂ ಮಾತಾಡುತ್ತೇವೆ ಅಂದವರು 72 ಸಾವಿರದಷ್ಟು ಮಾತ್ರ. ಅಷ್ಟು ಸಣ್ಣ ಊರಿನಷ್ಟು ಜನರ ನಡುವಿಂದ ಇಷ್ಟು ಕವಿತೆ ಬಂದಿದೆ. ಅದರ ಓದುಗರಲ್ಲೂ ಶಾಲೆಯಲ್ಲಿ ಕಲಿತವರೇ ಜಾಸ್ತಿ. ಆದ್ದರಿಂದ ಶಾಲೆಯ ಭಾಷೆಯಲ್ಲಿ ನಿಜವಾದ ಕವಿತೆ ಆಗುತ್ತದಾ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆಗುತ್ತದೆ, ಆಗಿದೆ. ನಿಮ್ಮ ಮಗಳ ಕವಿತೆ ಚೆನ್ನಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅದನ್ನು ಬರೆಯುವ ಹಕ್ಕು ಮೈಕಲ್ ಡೇವಿಟ್‌ಗೆ ಎಷ್ಟಿತ್ತೋ ಅವಳಿಗೂ ಅಷ್ಟೇ ಇದೆ. ಅವಳ ಹಿರಿಯರು ಐರಿಶರಲ್ಲ ಅಂತ ಯಾರಾದರೂ ಅಂದರೆ ರೋಸನ್‌ಸ್ಟಾಕ್ ಹೆಸರು ಹೇಳಿ.

ಹೊಟ್ಟೆಕಿಚ್ಚಿನ ವಿಷಯ. ಅದು ಸಹಜ, ಆದರೆ ಕನ್ನಡ ಹಿಂದೆ ಬಿದ್ದದ್ದು ಐರಿಶ್ ಕಲಿತದ್ದರಿಂದ ಅಲ್ಲ ಅಲ್ವಾ? ಓದಲು ಯಾರೂ ಕಲಿಸಲಿಲ್ಲ, ಅಷ್ಟೇ. ಬರೀ ಮಾತಿನಲ್ಲಿ ಉಳಿದ ಕನ್ನಡ ಅಡುಗೆಮನೆಗೆ, ಫೋನಿನಲ್ಲಿ ಅಜ್ಜಿಯ ಜೊತೆ ಹರಟೆಗೆ ಸಾಕಾಗುತ್ತದೆ. ಕುವೆಂಪು ಅವರನ್ನೋ ಬೇಂದ್ರೆಯವರನ್ನೋ ಅವಳೇ ಓದಿಕೊಳ್ಳಲು ಸಾಕಾಗುವುದಿಲ್ಲ. ಅಕ್ಷರ ಕಲಿಸಿ. ಎರಡು ಲಿಪಿ, ಮೂರು ಭಾಷೆ ಮಕ್ಕಳಿಗೆ ಭಾರವೇನಲ್ಲ. ಅವಳು ತಪ್ಪು ಮಾಡಿದಾಗ ಮೋರಾ ಅವರ ಹಾಗೆ ತಿದ್ದಲು ಹೋಗಬೇಡಿ. ಅದರಿಂದ ಒಬ್ಬ ದೊಡ್ಡ ಕವಿಯೇ ಎಷ್ಟು ನೊಂದರು ನೋಡಿದಿರಲ್ಲ.

ಯಾವುದರಿಂದ ಓದು ಶುರು ಮಾಡಬೇಕು ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಶಾಲೆಯ ಅಂತಿಮ ಪರೀಕ್ಷೆಗೆ ಹೇಗೂ ಅವಳು ಐದು ಕವಿತೆ ಓದಬೇಕಾಗುತ್ತದೆ. ಓ ಡಿರಾನ್ ಅವರ ವಸಂತ ಅದರಲ್ಲಿ ಒಂದು. ಕಾಟ್ಲೀನ್ ಮೋಡ್ ಅವರ ‘ಸೆರೆ’ ಇನ್ನೊಂದು. ಬಿಸಿಲ ನಾಡಿನಿಂದ ತಂದು ಮೃಗಾಲಯದಲ್ಲಿಟ್ಟ ಪ್ರಾಣಿ ಅಲ್ಲಿ ಮಾತಾಡುತ್ತದೆ, ನೂರಾರು ಜನ ದಿನಾ ನೋಡಲು ಬರುತ್ತಾರೆ. ಅದು ಹೆಣ್ಣೋ, ಭಾಷೆಯೋ, ಕವಿಯೋ ಅಂತ ಮೇಷ್ಟ್ರುಗಳು ಕೇಳುತ್ತಲೇ ಇರುತ್ತಾರೆ. ನಾನಾದರೆ ಮಕ್ಕಳಿಗೆ ಮೊದಲು ಕೊಡುವುದು ನೂಲಾ ಅವರ ‘ನನ್ನ ನಲ್ಲ’ವನ್ನು. ಹಳೆಯ ಪ್ರೇಮಗೀತೆಗಳನ್ನು ಅದು ಆವರಣ ಚಿಹ್ನೆಯೊಳಗಿನ ಪಿಸುಮಾತಿನಿಂದ ಗೇಲಿ ಮಾಡುತ್ತದೆ. ನನ್ನ ನಲ್ಲ ಹೂವಿನ ಹಾಗೆ ಏನಿಲ್ಲ, ಡೈಸಿಗೂ ಅವನಿಗೂ ನಂಟಿದ್ದರೆ ಅವು ಅವನ ಕಿವಿಯಿಂದ ಬೆಳೆಯುತ್ತವೆ, ಅವನು ಎಂಟಡಿ ಕೆಳಗೆ ಹೋದ ಮೇಲೆ. ಕಣ್ಣುಗಳು ಒಂದಕ್ಕೊಂದು ತೀರಾ ಹತ್ತಿರ. ಕೂದಲು ಮುಳ್ಳುತಂತಿ, ಶೇಕ್ಸ್‌ಪಿಯರ್‌ನ ಕಪ್ಪು ಸುಂದರಿಯ ಹಾಗೆ. ಆದರೂ ಪರವಾಗಿಲ್ಲ, ನನಗೆ ಸೇಬು ಕೊಡುತ್ತಾನೆ, ಮನಸ್ಸು ಚೆನ್ನಾಗಿದ್ದರೆ ದ್ರಾಕ್ಷಿಯನ್ನೂ. ಓ ರಿಯರ್ಡಾನ್ ಇಳಿಸು ಅಂದಿದ್ದ ಅದೇ ಶೇಕ್ಸ್‌ಪಿಯರ್ ಇಲ್ಲಿ ಐರಿಶ್ ಕವಿತೆಯೊಳಗೆ ಆರಾಮಾಗಿ ಕೂತಿದ್ದಾನೆ.

ನಿಮಗೆ ಒಂದೇ ಪುಸ್ತಕ ಬೇಕೆಂದರೆ, ಕಾರ್ಕ್‌ನವರೇ ಆದ ಕವಿ ಲೂಯಿಸ್ ಡಿ ಪೇರ್ ಸಂಪಾದಿಸಿದ, 2016ರಲ್ಲಿ ಬಂದ ಇಪ್ಪತ್ತನೇ ಶತಮಾನದ ಐರಿಶ್ ಕವಿತೆಗಳ ಸಂಗ್ರಹ ತೆಗೆದುಕೊಳ್ಳಿ. ಒಂದು ಕಡೆ ಐರಿಶ್, ಇನ್ನೊಂದು ಕಡೆ ಇಂಗ್ಲಿಷ್. ನೀವು ಇಂಗ್ಲಿಷ್ ಕಡೆ ಓದಿ, ಮಗಳು ಐರಿಶ್ ಕಡೆ ಓದಲಿ. ಅನುವಾದ ಎಲ್ಲೆಲ್ಲಿ ಸುಳ್ಳು ಹೇಳುತ್ತಿದೆ ಅಂತ ಅವಳನ್ನು ಕೇಳಿ.